ರಾಡಿನ ಓವನ್ನಿನಲ್ಲಿ ಊಟದ ಡಬ್ಬಿ

ನವೆಂಬರ್ ೩, ಸೋಮವಾರ

ಡಾಕ್ಟರ ಮಾತಿಗೆ ಬೆಲೆ ಕೊಟ್ಟು ಈ ದಿನಚರಿ ಶುರು ಮಾಡಿದ್ದೇನೆ. ನನ್ನ ಬಿ.ಪಿ. ನೋಡಿ ಅವರು ಹುಬ್ಬೇರಿಸಿದರು. ಸಿಟ್ಟು ಬಂದಾಗ ಬಾಯಿ ಬಿಡಬೇಡಿ, ಬರೆದು ಹಾಕಿ, ಯಾರಿಗೂ ತೋರಿಸಬೇಡಿ ಎಂದರು. ವೆಲ್ಡರ್ ಕೈಗೆ ಪೆನ್ನು ಕೊಟ್ಟರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಮೊದಲ ಸಾಲಿನಲ್ಲೇ ಹಾಳೆ ತೂತಾಗಿದೆ.

ಸಿಟ್ಟಿಗೆ ಕಾರಣ ನನ್ನ ಷಡ್ಡಕ ಮಹಾಶಯರು, ಅಂದರೆ ಹೆಂಡತಿಯ ತಂಗಿಯ ಗಂಡ. ಊರ ಹಿಂದಿನ ಗುಡ್ಡದಲ್ಲಿ ಮರ ಕಡಿಸುವ ಕಂಟ್ರ್ಯಾಕ್ಟರ್ ಹತ್ತಿರ ಅವರು ದಿಮ್ಮಿ ಸಾಗಿಸುವ ದೊಡ್ಡ ಮಷಿನ್ ಓಡಿಸುತ್ತಾರೆ. ಈ ಸೀಸನ್ ಪೂರ್ತಿ ಕೆಲಸ ಇಲ್ಲೇ ಆದ್ದರಿಂದ ಊಟ, ವಸತಿ ನಮ್ಮಲ್ಲೇ. ಇದನ್ನು ತೀರ್ಮಾನಿಸಿದ್ದು ನನ್ನ ಹೆಂಡತಿ, ಸಹಿ ಹಾಕಿದ್ದು ನಮ್ಮ ಜೊತೆಯಲ್ಲೇ ಇರುವ ಅತ್ತೆ. ಹೊರಗೆ ಬಿಸಿಲಿಗೆ ಹಾಕಿದ ಹೆಚ್ಚುವರಿ ಹಾಸಿಗೆ ನೋಡಿದಾಗ ನನಗೆ ವಿಷಯ ತಿಳಿಯಿತು.

ಮನುಷ್ಯ ಕೆಟ್ಟವರೇನಲ್ಲ. ಅದೇ ತೊಂದರೆ. ನಿನ್ನೆ ಬಂದು ಚೀಲ ಇಳಿಸಿದವರೇ ಅತ್ತೆಯ ಕನ್ನಡಕದ ಸ್ಕ್ರೂ ಬಿಗಿ ಮಾಡಿಕೊಟ್ಟರು. ಕಬ್ಬಿಣದ ಕೆಲಸ ಮಾಡುವ ಅಳಿಯನೊಬ್ಬ ಮನೆಯಲ್ಲೇ ಇದ್ದೂ ಆ ಸ್ಕ್ರೂ ಎಷ್ಟೋ ತಿಂಗಳಿಂದ ಸಡಿಲವಾಗಿಯೇ ಇತ್ತು. ಆಮೇಲೆ ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ಕುಳಿತರು. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಹಾಡಿದರು. ಹಾಡು ಹಳೆಯದು, ಶ್ರುತಿ ಮಾತ್ರ ಅವರದೇ. ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲ ಹೊರಗೆ ನಿಂತ ನನಗೆ ಎಲ್ಲ ಚರಣಗಳೂ ಕೇಳಿಸಿದವು.

ನವೆಂಬರ್ ೫, ಬುಧವಾರ

ಮಷಿನ್ನಿನ ಚೈನುಗಳು ನನ್ನ ಶೆಡ್ಡಿಗೆ ಬಂದವು. ಚೈನ್ ಎಂದರೆ ಸೈಕಲ್ಲಿನದಲ್ಲ. ಅಡ್ಡಡ್ಡ ಉಕ್ಕಿನ ಪ್ಲೇಟುಗಳನ್ನು ಕೊಂಡಿ ಹಾಕಿ ಪೋಣಿಸಿದ, ಚಕ್ರಗಳ ಮೇಲೆ ಸುತ್ತಿಕೊಳ್ಳುವ ಭಾರೀ ಪಟ್ಟಿ. ಪ್ರತಿ ಪ್ಲೇಟಿನ ಮೇಲೂ ನೆಲ ಕಚ್ಚಲು ಎದ್ದುನಿಂತ ಒಂದು ಅಂಚು ಇರುತ್ತದೆ, ನಾವು ಅದನ್ನು ಹಲ್ಲು ಅನ್ನುತ್ತೇವೆ. ಹಲ್ಲು ಸವೆದರೆ ದಿಮ್ಮಿ ಹೊತ್ತ ಮಷಿನ್ ಇಳಿಜಾರಿನಲ್ಲಿ ಜಾರುತ್ತದೆ. ಒಳಗೆ ಕೂತವನೂ ಅದರ ಜೊತೆಗೇ ಹೋಗುತ್ತಾನೆ.

ಈ ಹಲ್ಲುಗಳು ಕಲ್ಲು ತಿಂದು ತಿಂದು ಬೋಳಾಗಿದ್ದವು. ಸವೆದದ್ದನ್ನು ಉಜ್ಜಿ ತೆಗೆದು, ಹೊಸ ಗಟ್ಟಿ ಉಕ್ಕಿನ ಪಟ್ಟಿಯಿಟ್ಟು ಬೆಸೆಯಬೇಕು. ಈ ಕೆಲಸದಲ್ಲಿ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ ಎನ್ನುವುದಷ್ಟೇ ಬೇಸರದ ಸಂಗತಿ. ಊರಿನವರಿಗೆಲ್ಲ ಹಲ್ಲು ಕಟ್ಟುತ್ತೀಯಲ್ಲ, ನನ್ನದೂ ಎರಡು ಹೋಗಿವೆ ನೋಡು ಎಂದು ಅತ್ತೆ ಬಾಯಿ ತೆರೆದು ತೋರಿಸಿದರು. ಅವರ ಬಾಯಿಗೆ ಬೆಸುಗೆ ಹಾಕುವ ಯೋಚನೆ ನನಗೆ ಬಂದಿಲ್ಲ ಎಂದರೆ ಸುಳ್ಳಾಗುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಮಹಾಶಯರು ಒಂದು ಗುಟ್ಟು ಬಿಚ್ಚಿದರು. ಅವರು ಎಲ್ಲೇ ಕೆಲಸ ಮಾಡಲಿ, ಮಧ್ಯಾಹ್ನ ತಿನ್ನುವುದು ಬಿಸಿ ಊಟವೇ. ಡಬ್ಬಿಯನ್ನು ಎಂಜಿನ್ ಮೇಲೆ ಒಂದು ಮೂಲೆಯಲ್ಲಿ ಸಿಕ್ಕಿಸಿಟ್ಟರೆ ಹೊತ್ತಿಗೆ ಸರಿಯಾಗಿ ಹಬೆಯಾಡುತ್ತಿರುತ್ತದಂತೆ. ಎಲ್ಲರೂ ಬೆರಗಾದರು. ನನ್ನ ಹೆಂಡತಿ ಕೂಡ ಬೆರಗಾದಳು. ನಾನು ಮೊದಲ ಬಾರಿ ಮೋಟಾರ್ ಸೈಕಲ್ ತಂದಾಗಲೂ ಅವಳು ಹಾಗೆ ನೋಡಿರಲಿಲ್ಲ.

"ಪಾಪ, ನಮ್ಮ ದೊಡ್ಡಳಿಯ ಇಷ್ಟು ವರ್ಷದಿಂದ ತಣ್ಣಗಿರೋದನ್ನೇ ತಿಂತಾ ಇದಾನೆ" ಎಂದರು ಅತ್ತೆ.

ಆ 'ಪಾಪ' ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ.

ನವೆಂಬರ್ ೬, ಗುರುವಾರ

ಇವತ್ತು ನನ್ನ ತಲೆ ಓಡಿತು. ಅಪರೂಪವಾದ್ದರಿಂದ ಬರೆದಿಡುತ್ತೇನೆ.

ಶೆಡ್ಡಿನ ಮೂಲೆಯಲ್ಲಿ ವೆಲ್ಡಿಂಗ್ ರಾಡುಗಳನ್ನಿಡುವ ಓವನ್ ಇದೆ. ರಾಡಿನ ಮೈಮೇಲಿನ ಲೇಪ ಗಾಳಿಯ ತೇವ ಹೀರಬಾರದೆಂದು ಅದನ್ನು ಸದಾ ಬಿಸಿಯಾಗಿಟ್ಟಿರುತ್ತೇನೆ. ಎಂಜಿನ್ನೇ ಬೇಕೆಂದು ಯಾರು ಹೇಳಿದರು? ನನ್ನ ಡಬ್ಬಿ ಅದರಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ರಾಡಿನ ಕಟ್ಟುಗಳನ್ನು ಹೊರಗೆ ತೆಗೆದರೆ. ತೆಗೆದು ಕಿಟಕಿಯ ಹಲಗೆಯ ಮೇಲೆ ಇಟ್ಟೆ. ಊಟ ಸೀದುಹೋಗದಂತೆ ಬಿಸಿಯನ್ನೂ ಸ್ವಲ್ಪ ತಗ್ಗಿಸಿದೆ.

ಮಧ್ಯಾಹ್ನ ಮುಚ್ಚಳ ತೆಗೆದರೆ ಹಬೆ! ಆಲೂಗಡ್ಡೆ ಬಾಯಿ ಸುಡುವಷ್ಟು ಬಿಸಿ. ಒಬ್ಬನೇ ಕೂತು ನಕ್ಕೆ. ಸಂಜೆ ಊಟದ ಹೊತ್ತಿಗೆ ಏನೋ ಸಣ್ಣ ವಿಷಯ ಎನ್ನುವ ಹಾಗೆ ಇದನ್ನು ಹೇಳಿದೆ. ಹಾಗೆ ಹೇಳುವುದನ್ನು ಶೆಡ್ಡಿನಲ್ಲೇ ಎರಡು ಸಲ ಅಭ್ಯಾಸ ಮಾಡಿದ್ದೆ. ಷಡ್ಡಕರು ಮನಸಾರೆ ಮೆಚ್ಚಿಕೊಂಡರು. ಅವರು ಮೆಚ್ಚಿಕೊಂಡದ್ದರಿಂದ ಗೆದ್ದ ಖುಷಿಯಲ್ಲಿ ಅರ್ಧ ಹೋಯಿತು.

ನವೆಂಬರ್ ೯, ಭಾನುವಾರ

ಭಾನುವಾರವೂ ಕೆಲಸ. ಮಂಜು ಬಿದ್ದಿದೆ, ಶೆಡ್ಡಿನ ಬಾಗಿಲಿಂದ ರಸ್ತೆ ಕಾಣುವುದಿಲ್ಲ. ಕಿಟಕಿಯ ಗಾಜಿನ ಮೇಲೆ ನೀರು ಸಾಲು ಸಾಲಾಗಿ ಇಳಿಯುತ್ತಿದೆ. ಬೆಸುಗೆ ಮಾತ್ರ ಬೆಣ್ಣೆ. ಮೇಲೆ ಕಟ್ಟಿದ ಕಿಟ್ಟ ಒಡೆದು ತೆಗೆದರೆ ಕೆಳಗೆ ಒಂದೇ ಸಮನಾದ ಸಾಲು, ನೋಡಿದರೆ ನನಗೇ ಗೌರವ ಬರುತ್ತದೆ. ಊಟ ಬಿಸಿ.

ನವೆಂಬರ್ ೧೧, ಮಂಗಳವಾರ

ಕೆಲಸ ಮುಗಿಯಿತು. ಕೊನೆಗೆ ಉಳಿದ ರಾಡಿನಲ್ಲಿ ಒಂದು ಬಿಡಿ ಪ್ಲೇಟಿಗೂ ಹಲ್ಲು ಕಟ್ಟಿ ಮೂಲೆಯಲ್ಲಿಟ್ಟೆ, ಮುಂದೆ ಬೇಕಾದೀತೆಂದು. ಹೆಂಡತಿಯೂ ಅತ್ತೆಯೂ ನೋಡಲು ಬಂದರು. ನಾನು ಸುಮ್ಮನೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರೆ ಸಾಕಿತ್ತು. ಆದರೆ ಬಾಯಿ ಕೇಳಬೇಕಲ್ಲ. ಗುಡ್ಡ ಸವೆಯಬಹುದು, ನನ್ನ ಹಲ್ಲು ಸವೆಯುವುದಿಲ್ಲ ಎಂದುಬಿಟ್ಟೆ.

ಅಷ್ಟರಲ್ಲಿ ಮಹಾಶಯರು ಜೇಬಿನಿಂದ ಒಂದು ಸಣ್ಣ ಸುತ್ತಿಗೆ ತೆಗೆದು ಒಂದೊಂದೇ ಹಲ್ಲನ್ನು ಟಣ್ ಟಣ್ ಎಂದು ಬಡಿದು, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತ ಹೋದರು. ಹೀಗೆ ದಿನಾ ಬೆಳಿಗ್ಗೆ ಬಡಿದು ನೋಡುವುದು ಅಭ್ಯಾಸವಂತೆ. ಬಿರುಕು ಇದ್ದರೆ ಸದ್ದು ಮಂಕಾಗುತ್ತದಂತೆ. ನನ್ನ ಕೆಲಸವನ್ನು, ನನ್ನ ಶೆಡ್ಡಿನಲ್ಲಿ, ನನ್ನ ಅತ್ತೆಯ ಮುಂದೆ!

"ನೀವು ಬಡೀಬೇಕಾಗಿಲ್ಲ" ಎಂದೆ.

"ಬೇಜಾರ್ ಮಾಡ್ಕೋಬೇಡಿ ಭಾವ. ಮೇಲಿಂದ ಇಳಿಯೋವಾಗ ಇದೊಂದೇ ನನಗೆ ಧೈರ್ಯ" ಎಂದರು.

ಎಲ್ಲವೂ ಟಣ್ ಎಂದವು. ಅನ್ನದೆ ಏನು ಮಾಡುತ್ತವೆ? ಆದರೂ ಇದನ್ನು ಬರೆಯುವಾಗ ಹಾಳೆ ಮತ್ತೆ ತೂತಾಯಿತು.

ನವೆಂಬರ್ ೧೨, ಬುಧವಾರ

ಚೈನು ತೊಡಿಸಿಕೊಂಡು ಮಷಿನ್ ಗುಡ್ಡ ಹತ್ತಿತು. ಶೆಡ್ ಖಾಲಿ. ಕುರ್ಚಿ ಹಗಲೆಲ್ಲ ನನ್ನದೇ, ಆದರೆ ಹಗಲಿನಲ್ಲಿ ನಾನು ಮನೆಯಲ್ಲಿರುವುದಿಲ್ಲ.

ನವೆಂಬರ್ ೧೪, ಶುಕ್ರವಾರ

ಬೆಳಿಗ್ಗೆ ಶೆಡ್ಡಿನಲ್ಲಿ ಒಬ್ಬನೇ ಚಹಾ ಕುಡಿಯುತ್ತಿದ್ದೆ. ಮೂಲೆಯಿಂದ ಟಿಕ್ ಎಂದು ಸದ್ದಾಯಿತು. ಇಲಿ ಎಂದುಕೊಂಡೆ. ಹೋಗಿ ನೋಡಿದರೆ ಇಲಿ ಇಲ್ಲ, ಆ ಬಿಡಿ ಪ್ಲೇಟು ಇದೆ. ಯಾರೂ ಮುಟ್ಟದೆ, ಯಾವ ಭಾರವೂ ಬೀಳದೆ, ಇಟ್ಟಲ್ಲೇ ಅದರ ಬೆಸುಗೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು.

ತೇವದ ರಾಡು ಮಾಡುವ ಮೋಸವೇ ಇದು. ಬೆಸೆದ ದಿನ ಏನೂ ಕಾಣುವುದಿಲ್ಲ, ಬಡಿದರೂ ಟಣ್ ಎನ್ನುತ್ತದೆ. ಎರಡು ಮೂರು ದಿನ ಬಿಟ್ಟು ಗಟ್ಟಿ ಉಕ್ಕು ಒಳಗಿಂದ ತಾನಾಗಿಯೇ ಸೀಳುತ್ತದೆ. ಕಸುಬು ಕಲಿಯುವವರಿಗೆ ಹೇಳಿಕೊಡುವ ಮೊದಲ ಪಾಠವೇ ರಾಡು ಒಣಗಿರಬೇಕು ಎನ್ನುವುದು. ನಾನು ಮಂಜು ಬಿದ್ದ ವಾರದಲ್ಲಿ ರಾಡನ್ನು ಕಿಟಕಿಯಲ್ಲಿಟ್ಟು, ಆಲೂಗಡ್ಡೆಯನ್ನು ಓವನ್ನಿನಲ್ಲಿ ಒಣಗಿಸಿದ್ದೆ.

ಗುಡ್ಡದಲ್ಲಿ ಫೋನ್ ಸಿಗುವುದಿಲ್ಲ. ಮೋಟಾರ್ ಸೈಕಲ್ ಹತ್ತಿದೆ. ದಾರಿ ಮುಗಿದ ಕಡೆ ಅದನ್ನು ಬಿಟ್ಟು ಓಡಿದೆ. ನಾನು ಓಡಿದ್ದನ್ನು ನೋಡಿದ್ದರೆ ಡಾಕ್ಟರು ಅಲ್ಲೇ ಮೂರ್ಛೆ ಹೋಗುತ್ತಿದ್ದರು. ದಾರಿಯುದ್ದಕ್ಕೂ ಎಂಜಿನ್ ಸದ್ದಿಗೆ ಕಿವಿ ಕೊಟ್ಟೆ. ಯಾವ ಸದ್ದೂ ಇರಲಿಲ್ಲ. ಅದರಿಂದ ಇನ್ನೂ ಭಯವಾಯಿತು.

ಮಷಿನ್ ಇಳಿಜಾರಿನ ತುದಿಯಲ್ಲಿ, ಸಮತಟ್ಟಾದ ಜಾಗದಲ್ಲಿ ನಿಂತಿತ್ತು. ಅದರ ನೆರಳಲ್ಲಿ ನನ್ನ ಷಡ್ಡಕ ಸುತ್ತಿಗೆ ಹಿಡಿದು ದಿಮ್ಮಿಯ ಮೇಲೆ ಕೂತಿದ್ದ. ಜೀವಂತ. ನನಗೆ ಅಳು ಬಂತು. ಬೆವರು ಒರೆಸುವ ನೆಪದಲ್ಲಿ ಮುಖ ಒರೆಸಿಕೊಂಡೆ. ಮುಂದೆ ನೋಡಿದರೆ ನೆಲ ನೇರವಾಗಿ ತೊರೆಯವರೆಗೆ ಇಳಿದಿತ್ತು. ನನ್ನ ಹಲ್ಲುಗಳನ್ನು ನಂಬಿ ಅವನು ನಿನ್ನೆಯೆಲ್ಲ ಅಲ್ಲಿ ಭಾರ ಹೊತ್ತು ಇಳಿದಿದ್ದಾನೆ.

ನಾನು ಬಾಯಿ ತೆರೆಯುವ ಮೊದಲೇ ಅವನು ಎದ್ದು ನಿಂತು ಹೇಳಿದ: "ಭಾವ, ನಿಮ್ಮ ಕೆಲಸಾನ ನಾನು ಹಾಳು ಮಾಡ್ಬಿಟ್ಟೆ."

ಬೆಳಿಗ್ಗೆ ಬಡಿದು ನೋಡಿದಾಗ ಒಂದು ಕಡೆ ಸಾಲಾಗಿ ಮಂಕು ಸದ್ದು ಬಂತಂತೆ, ಒಂದು ಹಲ್ಲು ಕೈಗೇ ಬಂತಂತೆ. ನಿನ್ನೆ ಹೊತ್ತಾಯಿತೆಂದು ಒಂದೇ ಒಂದು ಸಲ ಕಲ್ಲಿನ ಅಡ್ಡದಾರಿಯಲ್ಲಿ ಬಂದಿದ್ದನಂತೆ. ಆ ದಾರಿ ಹಿಡಿಯಬೇಡ ಎಂದು ಕಂಟ್ರ್ಯಾಕ್ಟರ್ ಮೊದಲೇ ಹೇಳಿದ್ದರಂತೆ. ಗುಡ್ಡ ಸವೆದರೂ ಸವೆಯದ ಹಲ್ಲು ಮುರಿಯಬೇಕಾದರೆ ತಾನು ಅದೆಂಥ ಕಲ್ಲಿಗೆ ಗುದ್ದಿರಬೇಕು ಎಂದು ಅವನು ತಲೆ ತಗ್ಗಿಸಿದ. ನನಗೆ ಮುಖ ತೋರಿಸುವುದು ಹೇಗೆಂದು ಬೆಳಗಿನಿಂದ ಅಲ್ಲೇ ಕೂತಿದ್ದನಂತೆ.

ನಾನು ಏನು ಹೇಳಿದೆ? ಹೂಂ ಎಂದೆ.

ನವೆಂಬರ್ ೧೫, ಶನಿವಾರ

ಕಂಟ್ರ್ಯಾಕ್ಟರ್ ಗುಡ್ಡಕ್ಕೆ ಬಂದರು. ನಾನೂ ಇದ್ದೆ. ಮುರಿದ ಹಲ್ಲನ್ನು ಕಾಲಿನಿಂದ ತಳ್ಳಿ, ಹೇಳಿದ ಮಾತು ಕೇಳದೆ ಕಲ್ಲಿನ ದಾರಿ ಹಿಡಿಯುವವನು ತನಗೆ ಬೇಡ, ಬುಧವಾರದಿಂದ ಬೇರೆ ಡ್ರೈವರ್ ಬರುತ್ತಾನೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮಂಥವರ ಕೆಲಸ ಹಾಳಾಯಿತಲ್ಲ ಎಂದು ನೊಂದುಕೊಂಡರು. ನಾನು ಮತ್ತೆ ಹೂಂ ಎಂದೆ. ಈ ಹೂಂ ನನ್ನ ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ.

ನನ್ನ ಪರವಾಗಿ ಒಂದು ವಾದ ಕಟ್ಟಿ ನೋಡಿದೆ. ಅವನು ಕಲ್ಲಿನ ದಾರಿಯಲ್ಲಿ ಹೋದದ್ದು ನಿಜ. ಹೇಳಿದ ಮಾತು ಮೀರಿದ್ದೂ ನಿಜ. ಡ್ರೈವರ್ ಕೆಲಸ ಇನ್ನೊಂದು ಕಡೆ ಸಿಗುತ್ತದೆ, ವೆಲ್ಡರ್ ಹೆಸರು ಕೆಟ್ಟರೆ ಕೆಟ್ಟಿತು. ವಾದ ಚೆನ್ನಾಗಿಯೇ ಇತ್ತು. ಮೂಲೆಯಲ್ಲಿ ಆ ಬಿಡಿ ಪ್ಲೇಟು ಇಲ್ಲದಿದ್ದರೆ ನಾನೇ ನಂಬುತ್ತಿದ್ದೆ. ಅದಕ್ಕೆ ಯಾವ ಕಲ್ಲೂ ತಗುಲಿಲ್ಲ.

ನವೆಂಬರ್ ೧೬, ಭಾನುವಾರ

ಇವತ್ತು ಬಚ್ಚಲು ಬೇಗ ಖಾಲಿಯಾಯಿತು. ಹಾಡು ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಬಾಗಿಲ ಹೊರಗೆ ನಿಂತಿದ್ದೆ.

ನವೆಂಬರ್ ೧೭, ಸೋಮವಾರ

ಡಾಕ್ಟರ್ ಬಿ.ಪಿ. ನೋಡಿದರು, ಏರಿತ್ತು. ಬರೆಯುತ್ತಿದ್ದೀರಾ ಎಂದು ಕೇಳಿದರು. ಬರೆಯುತ್ತಿದ್ದೇನೆ ಎಂದೆ. ಹಾಗಾದರೆ ಇಳಿಯಬೇಕಿತ್ತಲ್ಲ ಎಂದು ಯಂತ್ರವನ್ನು ತಟ್ಟಿ ಇನ್ನೊಮ್ಮೆ ನೋಡಿದರು. ಯಂತ್ರ ಸರಿಯಾಗಿಯೇ ಇತ್ತು.

ನಿಜ ಹೇಳಲು ಮೂರು ಸಲ ಪ್ರಯತ್ನಿಸಿದೆ. ಮೊದಲ ಸಲ ಅವನು ಅಂಗಳದಲ್ಲಿ ತನ್ನ ಬೂಟು ಒರೆಸುತ್ತಿದ್ದ. ಹತ್ತಿರ ಹೋಗಿ, ಬೂಟು ಚೆನ್ನಾಗಿದೆ ಎಂದೆ. ಎರಡನೆಯ ಸಲ ಹೆಂಡತಿಗಾದರೂ ಹೇಳೋಣ ಎಂದು ಅಡುಗೆಮನೆಗೆ ಹೋದೆ. ಅವಳು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಬೇರೆ ಕೆಲಸ ಸಿಗುವವರೆಗೆ ಇಲ್ಲೇ ಇರಲಿ, ನಿಮ್ಮ ಭಾವ ಏನೂ ಅನ್ನುವುದಿಲ್ಲ ಎಂದು ಧೈರ್ಯ ಹೇಳುತ್ತಿದ್ದಳು. ಅದು ಸರಿಯೇ. ಏನೂ ಅನ್ನದಿರುವುದರಲ್ಲಿ ನಾನು ಈಗ ಪಳಗಿದ್ದೇನೆ. ಮೂರನೆಯ ಸಲ ಶೆಡ್ಡಿನಲ್ಲಿ ಗ್ರೈಂಡರಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿದೆ. ಗ್ರೈಂಡರ್ ಆನ್ ಆಗಿತ್ತು.

ಸಂಜೆ ಅವನು ನನ್ನನ್ನು ನೋಡಿ ಕುರ್ಚಿ ಬಿಟ್ಟು ಎದ್ದ. ಕೂತುಕೊಳ್ಳಿ ಭಾವ ಎಂದು ಬಾಗಿಲ ಬಳಿ ಸ್ಟೂಲು ಹಾಕಿಕೊಂಡ. ಎರಡು ವಾರದಿಂದ ನಾನು ಬಯಸಿದ್ದು ಅದೇ. ಕೂತೆ. ಮೈಗೆಲ್ಲ ಮುಳ್ಳು ಚುಚ್ಚಿದ ಹಾಗಾಯಿತು.

ನವೆಂಬರ್ ೧೮, ಮಂಗಳವಾರ

ಒಂದು ಕೈಯಲ್ಲಿ ಬಿರುಕು ಬಿಟ್ಟ ಪ್ಲೇಟು, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು ಬೆಳಿಗ್ಗೆ ಕಂಟ್ರ್ಯಾಕ್ಟರ್ ಆಫೀಸಿಗೆ ಹೋದೆ. ಡಬ್ಬಿ ಏಕೆ ಎಂದು ದಾರಿಯಲ್ಲಿ ನನ್ನನ್ನೇ ಕೇಳಿಕೊಂಡೆ. ಅದಿಲ್ಲದಿದ್ದರೆ ಮಾತು ಬೇರೆ ಕಡೆ ತಿರುಗಿಬಿಡುತ್ತದೆ, ನನ್ನ ಬಾಯಿ ನನಗೆ ಗೊತ್ತು. ಎರಡನ್ನೂ ಅವರ ಮೇಜಿನ ಮೇಲಿಟ್ಟೆ.

"ಹಲ್ಲು ಮುರಿದದ್ದು ಕಲ್ಲಿನಿಂದ ಅಲ್ಲ, ನನ್ನ ಊಟದಿಂದ" ಎಂದೆ.

"ಊಟದಿಂದಾನಾ?"

ಬಿಡಿಸಿ ಹೇಳಿದೆ. ಓವನ್, ಕಿಟಕಿ, ಮಂಜು, ಆಲೂಗಡ್ಡೆ, ಎಲ್ಲ. ಬೇರೆ ಡ್ರೈವರ್ ಆಗಿದ್ದರೆ ಬೆಳಿಗ್ಗೆ ಬಡಿದು ನೋಡುತ್ತಿರಲಿಲ್ಲ, ಮಷಿನ್ ಈಗ ತೊರೆಯಲ್ಲಿರುತ್ತಿತ್ತು, ಡ್ರೈವರೂ ಅದರ ಕೆಳಗಿರುತ್ತಿದ್ದ ಎಂದೆ. ಕಂಟ್ರ್ಯಾಕ್ಟರ್ ಮೊದಲು ನಕ್ಕರು, ಆಮೇಲೆ ಕೆಂಪಾದರು. ಗುಡ್ಡದ ಮೇಲೇ ಹೋಗಿ ಎಲ್ಲವನ್ನೂ ಮತ್ತೆ ಮಾಡಿಕೊಡಬೇಕು, ಅದಾದ ಮೇಲೆ ಈ ಕಡೆ ತಲೆ ಹಾಕಬೇಡಿ ಎಂದರು. ಡ್ರೈವರ್? ಅವನು ಇರಲಿ ಎಂದರು. ನಾನು ಬಾಗಿಲು ದಾಟುವ ಮೊದಲೇ ಗುಮಾಸ್ತ ಯಾರಿಗೋ ಫೋನ್ ಮಾಡಿ ಡಬ್ಬಿಯ ಕತೆ ಶುರು ಮಾಡಿದ್ದ.

ಮಧ್ಯಾಹ್ನ ಮನೆಯಲ್ಲಿ ಎಲ್ಲರ ಎದುರು ಹೇಳಿದೆ. ಹೆಂಡತಿ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಅತ್ತೆ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಸ್ಕ್ರೂ ಚೆನ್ನಾಗಿ ಬಿಗಿಯಾಗಿತ್ತು. ಅವನು ನಗುತ್ತಾನೆ, ಬಿಡಿ ಭಾವ ಅನ್ನುತ್ತಾನೆ ಎಂದುಕೊಂಡಿದ್ದೆ. ಅಷ್ಟು ಹೊತ್ತಿಗೆ ಅವನನ್ನು ಮನಸ್ಸಿನಲ್ಲೇ ಕ್ಷಮಿಸುವ ದೊಡ್ಡ ಮನುಷ್ಯನನ್ನಾಗಿ ಮಾಡಿ ನನ್ನ ಕೆಲಸ ಹಗುರ ಮಾಡಿಕೊಂಡಿದ್ದೆ ಎಂದು ಕಾಣುತ್ತದೆ.

"ನಾಲ್ಕು ದಿನ" ಎಂದ ಅವನು. ದನಿ ಏರಿಸಲಿಲ್ಲ. "ನಾಲ್ಕು ದಿನ ನನ್ನ ಮುಖ ನೋಡ್ತಾ ಕೂತಿದ್ರಲ್ಲ ಭಾವ."

ತಟ್ಟೆಯಲ್ಲಿ ಅರ್ಧ ಊಟ ಹಾಗೇ ಬಿಟ್ಟು ಎದ್ದು ಹೋದ. ನನಗೆ ನಾಚಿಕೆಯಾಯಿತು. ಇದಕ್ಕೆ ಸೇರಿಸಲು ಯಾವ ತಮಾಷೆಯ ಮಾತೂ ಹೊಳೆಯುತ್ತಿಲ್ಲ.

ನವೆಂಬರ್ ೧೯, ಬುಧವಾರ

ಚಹಾ ಅಂಗಡಿಯಲ್ಲಿ ನನಗೆ ಹೊಸ ಹೆಸರು: ಡಬ್ಬಿ ವೆಲ್ಡರ್. ಹಾರ್ಡ್‌ವೇರ್ ಅಂಗಡಿಯವನು ರಾಡು ಕೊಡುವಾಗ, ಇದನ್ನು ಒಣಗಿಸಿ ತಿನ್ನಬೇಕೋ ಹಸಿಯಾಗಿಯೋ ಎಂದು ಕೇಳಿದ. ನಾನು ಗುಡ್ಡಕ್ಕೂ ಸವೆಯದ ಮನುಷ್ಯ, ತಾಳಿಕೊಂಡೆ.

ಮನೆಯಲ್ಲಿ ಅವನು ನನ್ನ ಜೊತೆ ಮಾತಾಡುತ್ತಿಲ್ಲ. ಉಪ್ಪು ಬೇಕಾದರೆ ಅಕ್ಕಾ ಎಂದು ನನ್ನ ಹೆಂಡತಿಯನ್ನು ಕರೆಯುತ್ತಾನೆ. ಉಪ್ಪು ನನ್ನ ಕೈಯ ಪಕ್ಕದಲ್ಲೇ ಇರುತ್ತದೆ.

ನವೆಂಬರ್ ೨೧, ಶುಕ್ರವಾರ

ಜನರೇಟರ್, ಗ್ಯಾಸ್, ಗ್ರೈಂಡರ್ ಎಲ್ಲ ಹೊತ್ತು ನಿನ್ನೆಯೂ ಇವತ್ತೂ ಗುಡ್ಡದ ಮೇಲೆ ಕೆಲಸ. ಹಳೆಯ ಬೆಸುಗೆಯನ್ನು ಪೂರ್ತಿ ಉಜ್ಜಿ ತೆಗೆದೆ. ನನ್ನ ಅಂದದ ಸಾಲುಗಳೆಲ್ಲ ಕಿಡಿಯಾಗಿ ಹಾರಿಹೋದವು. ಅದನ್ನು ನೋಡಿ ಹೊಟ್ಟೆ ಉರಿಯಲಿಲ್ಲ, ಬೇಗ ಹೋಗಲಿ ಅನ್ನಿಸಿತು. ಪ್ಲೇಟುಗಳನ್ನು ಗ್ಯಾಸಿನಿಂದ ಕಾಯಿಸಿ, ಹೊಸ ಹಲ್ಲು ಇಟ್ಟು ಬೆಸೆದು, ಬೆಂಕಿ ತಾಳುವ ಬಟ್ಟೆ ಹೊದಿಸಿ ಮೆಲ್ಲಗೆ ಆರಲು ಬಿಟ್ಟೆ.

ರಾಡುಗಳನ್ನು ಶೆಡ್ಡಿನ ಓವನ್ನಿನಲ್ಲಿ ಚೆನ್ನಾಗಿ ಕಾಯಿಸಿ, ಮುಚ್ಚಳದ ಡಬ್ಬದಲ್ಲಿ ತಂದಿದ್ದೆ. ಮೇಲೆ ಗಾಳಿ ಕೊರೆಯುತ್ತಿತ್ತು. ಡಬ್ಬ ಆರಿಹೋಗುತ್ತದೆ ಎಂದು ನಾನು ಅದನ್ನು ಜಾಕೆಟ್ಟಿನಲ್ಲಿ ಸುತ್ತುತ್ತಿದ್ದೆ. ಅವನು ಬಂದು ಎಂಜಿನ್ ಚಾಲೂ ಮಾಡಿದ, ತನ್ನ ಊಟದ ಡಬ್ಬಿಯನ್ನು ಆ ಬೆಚ್ಚಗಿನ ಮೂಲೆಯಿಂದ ತೆಗೆದ, ರಾಡಿನ ಡಬ್ಬವನ್ನು ಅಲ್ಲಿ ಸಿಕ್ಕಿಸಿದ.

ಮಧ್ಯಾಹ್ನ ಇಬ್ಬರೂ ತಣ್ಣನೆಯ ಊಟ ಮಾಡಿದೆವು. ಅವನು ದಿಮ್ಮಿಯ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಉಪ್ಪು ಕಡಿಮೆಯಾಗಿತ್ತು. ನನ್ನ ಪೊಟ್ಟಣವನ್ನು ದಿಮ್ಮಿಯ ಮೇಲೆ ಮಧ್ಯದವರೆಗೆ ತಳ್ಳಿದೆ. ಅವನು ಅದನ್ನು ನೋಡಿದ, ಸ್ವಲ್ಪ ಹೊತ್ತಿನ ಮೇಲೆ ತೆಗೆದುಕೊಂಡ.

ನವೆಂಬರ್ ೨೪, ಸೋಮವಾರ

ಬೆಸೆದ ಮೇಲೆ ಶನಿವಾರ, ಭಾನುವಾರ ಮಷಿನ್ನನ್ನು ಮುಟ್ಟಲು ಬಿಡಲಿಲ್ಲ. ಬಿರುಕು ಬಿಡುವುದಿದ್ದರೆ ಬಿಡಲಿ, ಅದಕ್ಕೂ ಕಾಲ ಬೇಕು ಎಂದೆ. ಕಂಟ್ರ್ಯಾಕ್ಟರ್ ಗೊಣಗಿದರು. ಅವನು ನನ್ನ ಪರ ನಿಂತು, ಭಾವ ಹೇಳಿದ ಮೇಲೆ ಕಾಯಬೇಕು ಎಂದನಂತೆ. ಇದನ್ನು ನನಗೆ ಹೇಳಿದ್ದು ಗುಮಾಸ್ತ.

ಇವತ್ತು ಬೆಳಿಗ್ಗೆ ಒಟ್ಟಿಗೇ ಗುಡ್ಡ ಹತ್ತಿದೆವು. ಅವನು ಜೇಬಿನಿಂದ ಸುತ್ತಿಗೆ ತೆಗೆದ, ಆಮೇಲೆ ನನ್ನ ಮುಖ ನೋಡಿ ಬಡಿಯದೆ ನಿಂತ.

"ಬಡಿ. ಒಂದನ್ನೂ ಬಿಡಬೇಡ, ನಿಧಾನವಾಗಿ ಬಡಿ. ನಾನೂ ಕೇಳಿಸಿಕೊಳ್ತೀನಿ" ಎಂದೆ.

ಅವನು ಬಡಿಯುತ್ತ ಹೋದ, ನಾನು ಪಕ್ಕದಲ್ಲೇ ಬಗ್ಗಿ ಕಿವಿ ಕೊಟ್ಟು ನಡೆದೆ. ಒಂದು ಕಡೆ ನನಗೆ ಅನುಮಾನ ಬಂದು ಮತ್ತೆ ಬಡಿಸಿದೆ. ಅದರ ಮೇಲೆ ಒಂದು ಎಲೆ ಅಂಟಿತ್ತು, ಅಷ್ಟೇ. ಎಲ್ಲವೂ ಟಣ್ ಎಂದವು. ಈ ಸಲ ಗುಡ್ಡ ಸವೆಯುವ ಸುದ್ದಿಯನ್ನು ನಾನು ಎತ್ತಲಿಲ್ಲ.

ಅವನು ಕ್ಯಾಬಿನ್ ಹತ್ತಿ ಬಾಗಿಲು ಮುಚ್ಚದೆ ಕೂತ. ಕೆಳಗೆ ಇಳಿಜಾರು, ಅದರ ಬುಡದಲ್ಲಿ ತೊರೆ. ನಾನು ಹಿಂದೆ ಸರಿದು ನಿಂತೆ.

"ಎಲ್ಲಿಗೆ ಹೋಗ್ತೀರಿ? ಹತ್ತಿ ಭಾವ" ಎಂದ. "ನಿಮ್ಮ ಹಲ್ಲು, ನೀವೂ ಬನ್ನಿ."

ಇದು ಶಿಕ್ಷೆಯೋ ಕರೆಯೋ ಎಂದು ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಅವನ ಸೀಟಿನ ಪಕ್ಕದಲ್ಲಿ ನನ್ನ ದೇಹದ ಅರ್ಧಕ್ಕಷ್ಟೇ ಆಗುವ ಒಂದು ಮಡಚುವ ಸೀಟಿತ್ತು. ಕೂತು ಬೆಲ್ಟು ಬಿಗಿದುಕೊಂಡೆ. ಮೂತಿ ಕೆಳಗೆ ಮಾಡಿ ಮಷಿನ್ ಇಳಿಯಿತು. ಗಾಜಿನಲ್ಲಿ ಆಕಾಶ ಹೋಗಿ ಬರೀ ನೆಲವೇ ಕಂಡಿತು. ದಿನವೂ, ಭಾರ ಹೊತ್ತು, ಇವನು ಹೀಗೆ ಇಳಿಯುತ್ತಾನೆ. ಮತ್ತೊಬ್ಬರು ಬೆಸೆದದ್ದನ್ನು ನಂಬಿಕೊಂಡು ಇಳಿಯುತ್ತಾನೆ. ಇಷ್ಟು ವರ್ಷ ಹಲ್ಲು ಕಟ್ಟಿದ್ದೇನೆ, ಒಮ್ಮೆಯೂ ಮೇಲೆ ಕೂತು ನೋಡಿರಲಿಲ್ಲ. ನನಗೆ ವಿಪರೀತ ಭಯವಾಯಿತು, ನನ್ನ ಬಗ್ಗೆ ಅಲ್ಲ ಎಂದು ಬರೆಯಲು ಆಸೆ, ಆದರೆ ನನ್ನ ಬಗ್ಗೆಯೂ ಆಯಿತು.

ಹಲ್ಲುಗಳು ನೆಲ ಕಚ್ಚುತ್ತ ಹೋದವು. ಎಲ್ಲೂ ಜಾರಲಿಲ್ಲ. ಅರ್ಧ ದಾರಿಯಲ್ಲಿ ಅವನು ಹಾಡಲು ಶುರು ಮಾಡಿದ, ಅದೇ ಹಳೆಯ ಹಾಡು, ಅದೇ ಶ್ರುತಿ. ಎರಡನೆಯ ಚರಣದಲ್ಲಿ ಒಂದು ಮಾತು ಮರೆತು ತಡವರಿಸಿದ. ನಾನು ಹೇಳಿಕೊಟ್ಟೆ.

ಇನ್ನೂ ಕೆಲವು ಸಲ ಹತ್ತಿ ಇಳಿದು, ಮಧ್ಯಾಹ್ನಕ್ಕೆ ತೊರೆಯ ಪಕ್ಕದಲ್ಲಿ ಮಷಿನ್ ನಿಲ್ಲಿಸಿ ಅವನು ಎಂಜಿನ್ನಿನ ಮುಚ್ಚಳ ಎತ್ತಿದ. ಒಳಗೆ ಎರಡು ಡಬ್ಬಿಗಳಿದ್ದವು, ಒಂದು ಅವನದು, ಇನ್ನೊಂದು ನನ್ನದು. ಬೆಳಿಗ್ಗೆ ನನ್ನ ಚೀಲದಿಂದ ಯಾವಾಗ ತೆಗೆದನೋ ಗೊತ್ತಿಲ್ಲ.

"ನಿನ್ನ ಎಂಜಿನ್ ಮೇಲೆ ನನ್ನದಕ್ಕೂ ಜಾಗ ಇತ್ತಾ?" ಎಂದು ಕೇಳಿದೆ.

"ಮೊದಲಿಂದಲೂ ಇತ್ತು ಭಾವ. ನೀವು ಕೇಳಲಿಲ್ಲ."

ಅಲ್ಲಿದ್ದ ದಿಮ್ಮಿಯ ಒಂದೇ ತುದಿಯಲ್ಲಿ ಕೂತು ಮುಚ್ಚಳ ತೆಗೆದೆವು. ಆತುರದಲ್ಲಿ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡೆ. ಅವನು ನೋಡಿ ನಕ್ಕ. ನಗಲಿ ಎಂದು ಇನ್ನೊಂದು ತುತ್ತು ಹಾಕಿಕೊಂಡೆ.